ಹಳೆಯ ಜರ್ಮನ್ ಕಾರು: ಗುಜರಿಯೋ, ಆಸ್ತಿಯೋ?

ಹದಿನೈದು ವರ್ಷ ದಾಟಿದ ಕಾರೆಂದರೆ ಗುಜರಿ ಎಂಬುದು ಸಾಮಾನ್ಯ ಎಣಿಕೆ. ಆದರೆ ಕೆಲವು ಹಳೆಯ ಜರ್ಮನ್ ಕಾರುಗಳನ್ನು ಜನ ಈಗ ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ನಿಮಗೂ ಇಂಥ ಕಾರನ್ನು ಕೊಳ್ಳುವ ಇಲ್ಲವೇ ಮಾರುವ ಸಂದರ್ಭ ಬರಬಹುದು. ಆಗ ಏನನ್ನು ಗಮನಿಸಬೇಕು?

ಒಂದು ಉದಾಹರಣೆ ನೋಡೋಣ. ಮರ್ಸಿಡಿಸ್ ಬೆಂಜ್ ಸಂಸ್ಥೆ 1994ರಲ್ಲಿ ಭಾರತದಲ್ಲಿ ನೆಲೆಯೂರಿ, 1995ರಲ್ಲಿ ಪುಣೆಯ ಟೆಲ್ಕೋ ಆವರಣದಲ್ಲಿ 'ಡಬ್ಲ್ಯೂ 124' ಮಾದರಿಯ ಕಾರುಗಳ ಜೋಡಣೆ ಆರಂಭಿಸಿತು. ಗಟ್ಟಿಮುಟ್ಟಾದ ಮೈ, ಇಂದಿನ ಕಾರುಗಳಿಗೆ ಹೋಲಿಸಿದರೆ ಎಲೆಕ್ಟ್ರಾನಿಕ್ ಉಪಕರಣಗಳ ಹಂಗು ಕಡಿಮೆ, ಬಿಚ್ಚಿ ದುರಸ್ತಿ ಮಾಡಬಹುದಾದ ಭಾಗಗಳು ಇವುಗಳ ಗುಣ. ಬಿಡಿಭಾಗಗಳ ಬೆಲೆಗೆ ಹೆದರಿ ಅನೇಕ ಮಾಲೀಕರು ಇವನ್ನು ಅಗ್ಗಕ್ಕೆ ಬಿಟ್ಟುಕೊಟ್ಟರು. ಎಷ್ಟೋ ಕಾರುಗಳು ಗುಜರಿ ಸೇರಿದವು. ಸುಸ್ಥಿತಿಯಲ್ಲಿ ಉಳಿದವು ಕಡಿಮೆಯಾದ್ದರಿಂದಲೇ ಅವುಗಳಿಗೆ ಬೆಲೆ ಬಂದಿದೆ.

ನಮ್ಮ ಭಾಗದ ಒಣಹವೆ ಕಾರಿಗೆ ಒಂದು ರೀತಿಯಲ್ಲಿ ಅನುಕೂಲ. ಕರಾವಳಿಯಂತೆ ಉಪ್ಪುಗಾಳಿಯಿಲ್ಲ, ತಗಡಿಗೆ ತುಕ್ಕು ನಿಧಾನ. ಆದರೆ ಬೇಸಿಗೆಯ ಬಿಸಿಲಿಗೆ ಬಾಗಿಲಿನ ರಬ್ಬರ್ ಸೀಳುತ್ತದೆ. ಕಲ್ಲುಗಣಿ ಮತ್ತು ಸಿಮೆಂಟಿನ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. 1993ರಿಂದ 1995ರವರೆಗಿನ ಈ ಮಾದರಿಯ ಹಲವು ಪೆಟ್ರೋಲ್ ಇಂಜಿನ್‌ಗಳಲ್ಲಿ ವೈರುಗಳ ಮೇಲಿನ ಹೊದಿಕೆ ಶಾಖಕ್ಕೆ ಪುಡಿಯಾಗುವ ದೋಷವೂ ಇದೆ. ಬಣ್ಣದ ಹೊಳಪಿಗೆ ಮರುಳಾಗದೆ ಬಾನೆಟ್ ತೆರೆಸಿ ನೋಡಿ.

ಇನ್ನು ಕಾನೂನು. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನ ಮಾತ್ರ 'ವಿಂಟೇಜ್'. 1995ರ ಕಾರು ಆ ಸಾಲಿಗೆ ಸೇರುವುದು 2045ರ ನಂತರವೇ. ಅಲ್ಲಿಯತನಕ ಅದು ಕೇವಲ ಹಳೆಯ ಕಾರು. ಮೊದಲ 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ, ಅಂದರೆ 2010, 2015, 2020, 2025ರಲ್ಲಿ, ಅದರ ನೋಂದಣಿ ನವೀಕರಣ ಆಗಿರಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. 20 ವರ್ಷ ಮೀರಿದ ಕಾರಿಗೆ 2025ರಲ್ಲಿ 10,000 ಆಯಿತು. ಹೊರರಾಜ್ಯದ ಕಾರಾದರೆ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು.

ಆದ್ದರಿಂದ ಮುಂಗಡ ಕೊಡುವ ಮೊದಲು ನೋಂದಣಿ ಪತ್ರವನ್ನು ಕಲಬುರಗಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಚಾಸಿ ಮತ್ತು ಇಂಜಿನ್ ಸಂಖ್ಯೆಗಳನ್ನು ತಾಳೆ ನೋಡಿ. ಮಾರುವವರಾದರೆ, ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡುವ ಮುನ್ನ ಬಲ್ಲ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ಮೂಲ ಭಾಗಗಳೂ ಕಾಗದಪತ್ರಗಳೂ ಸರಿಯಾಗಿದ್ದರೆ, ಕಬ್ಬಿಣದ ಬೆಲೆಗೆ ಅದನ್ನು ಕೊಡಬೇಕಾಗಿಲ್ಲ.