ಅರಳು ಹುರಿದಂಥ ಮಾತಿನ ಹಿಂದೆ

ಸಂದರ್ಶನದಲ್ಲಿ ಬಾಯಿ ಬಿಡಲಾಗದೆ ಸಂವಹನ ಕೌಶಲದ ತರಗತಿಗೆ ದುಡ್ಡು ಸುರಿಯುವ ಪೀಳಿಗೆ ನಮ್ಮದು. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗುವಿಗೆ ದಿನಕ್ಕೆ ಹತ್ತು ಸಲ ‘ಬಾಯಿ ಮುಚ್ಚು’ ಎನ್ನುವವರೂ ನಾವೇ!

ಬಿ.ಇಡಿ ಮುಗಿಸಿ ಶಿಕ್ಷಕರ ನೇಮಕಾತಿಗೆ ಕಾಯುತ್ತಿರುವ ನಾನು ಸಂಜೆ ಮನೆಪಾಠ ಹೇಳುತ್ತೇನೆ. ಬರುವ ಮಕ್ಕಳಲ್ಲಿ ಮೂವರು ಮಹಾ ಮಾತಿನಮಲ್ಲರು. ಗಮನಿಸಿದರೆ ಮೂವರ ಮಾತಿಗೂ ಕಾರಣ ಬೇರೆ ಬೇರೆ.

ಯುಕೆಜಿ ಹುಡುಗಿ ಬಣ್ಣ ಹಚ್ಚುವಾಗ ‘ಇಲ್ಲಿ ಹಸಿರು... ಬೇಡ, ಕೆಂಪು’ ಎಂದು ತನ್ನಷ್ಟಕ್ಕೇ ಮಾತನಾಡುತ್ತಿರುತ್ತಾಳೆ. ಇಂಥದ್ದನ್ನು ಜೀನ್ ಪಿಯಾಜೆ 1923ರಲ್ಲಿ ‘ಸ್ವಕೇಂದ್ರಿತ ಮಾತು’ ಎಂದು ಕರೆದರು. ಇದು ಮಗು ಯೋಚಿಸುವ ರೀತಿ, ಬೆಳೆದಂತೆ ಇದೇ ಮನಸ್ಸಿನೊಳಗಿನ ಮಾತಾಗುತ್ತದೆ ಎಂದು ರಷ್ಯಾದ ವೈಗಾಟ್‌ಸ್ಕಿ 1934ರ ಪುಸ್ತಕದಲ್ಲಿ ವಿವರಿಸಿದರು. ಕಷ್ಟದ ಲೆಕ್ಕ ಬಂದಾಗ ನಾವೂ ಗೊಣಗಿಕೊಳ್ಳುವುದಿಲ್ಲವೇ? ಅವಳನ್ನು ಅವಳ ಪಾಡಿಗೆ ಬಿಟ್ಟರೆ ಸಾಕು.

ಮೂರನೇ ತರಗತಿ ಹುಡುಗ ಚಪ್ಪಲಿ ಬಿಡುವಾಗಲೇ ಮಾತು ಶುರುಮಾಡುತ್ತಾನೆ. ಅಪ್ಪ, ಅಮ್ಮ ಇಬ್ಬರೂ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಶಾಲೆಯಲ್ಲಿ ನಡೆದದ್ದನ್ನು ಕೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಮೊದಲ ಹತ್ತು ನಿಮಿಷ ಅವನ ಮಾತಿಗೇ ಮೀಸಲಿಟ್ಟೆ. ಆಮೇಲೆ ಅವನೇ ಪುಸ್ತಕ ತೆಗೆಯುತ್ತಾನೆ.

ಮೂರನೆಯವನು ಐದನೇ ತರಗತಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾನೆ, ಇತರರ ಮಾತಿನ ನಡುವೆ ಬಾಯಿ ಹಾಕುತ್ತಾನೆ, ಕುಳಿತಲ್ಲಿ ಕೂರುವುದಿಲ್ಲ. ಶಾಲೆಯಲ್ಲಿ ದಿನವೂ ಬೈಗುಳ. ಒಮ್ಮೆ ಮೆಲ್ಲಗೆ ಕೇಳಿದ: ‘ಮಿಸ್, ನಾನು ಕೆಟ್ಟ ಹುಡುಗನಾ?’

ಅತಿಯಾದ ಮಾತು ಎಡಿಎಚ್‌ಡಿಯ ಲಕ್ಷಣಗಳಲ್ಲಿ ಒಂದು. ಆದರೆ ಅದೊಂದನ್ನೇ ನೋಡಿ ಹಣೆಪಟ್ಟಿ ಹಚ್ಚುವಂತಿಲ್ಲ. ಇಂಥ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ–ಶಾಲೆ ಎರಡೂ ಕಡೆ ತೊಂದರೆ ಕೊಡುತ್ತಿರಬೇಕು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ‘ನನ್ನ ಮಗನಿಗೆ ಹುಚ್ಚು ಅಂತೀರಾ ಮೇಡಂ?’ ಎಂದು ಅವನ ತಾಯಿ ಕಣ್ಣೀರು ಹಾಕಿದರು. ಹುಚ್ಚಲ್ಲ, ಹಟವೂ ಅಲ್ಲದಿರಬಹುದು, ಒಮ್ಮೆ ತೋರಿಸಿ ಎಂದೆ. ಮುಂದಿನ ವಾರ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಹೊರಟಿದ್ದಾರೆ.

ನಮ್ಮಲ್ಲಿ ಎಷ್ಟೋ ಜನ ನಾಳೆ ಮೇಷ್ಟ್ರು, ಮೇಡಂ ಆಗುವವರು. ಈಗಾಗಲೇ ಅಣ್ಣ, ಅಕ್ಕ ಆಗಿರುವವರು. ಮಗು ಯಾವಾಗ ಹೆಚ್ಚು ಮಾತನಾಡುತ್ತದೆ, ಯಾರೊಂದಿಗೆ, ಕೇಳಿಸಿಕೊಂಡರೆ ಸಮಾಧಾನವಾಗುತ್ತದೆಯೇ? ‘ಸುಮ್ನಿರು’ ಎನ್ನುವ ಮುನ್ನ ಇಷ್ಟನ್ನು ನೋಡೋಣ.