ತಾಯ್ತನ, ಕಲೆ ಮತ್ತು ಮಹಾಮಾರಿ

2020ರಲ್ಲಿ ಕೊರೊನಾ ಮಹಾಮಾರಿಯು ಶಾಲೆ, ನಾಟಕಗೃಹ, ಚಿತ್ರಶಾಲೆಗಳ ಬಾಗಿಲುಗಳನ್ನು ಒಮ್ಮೆಲೇ ಮುಚ್ಚಿಸಿದಾಗ, ಮಕ್ಕಳೊಂದಿಗರಾದ ಕಲಾವಿದೆಯರಿಗೆ ವೇದಿಕೆಯೂ ಹೋಯಿತು, ಏಕಾಂತವೂ ಹೋಯಿತು. ಆದರೆ ಈ ಇಕ್ಕಟ್ಟು ಮಹಾಮಾರಿಯೊಡನೆ ಹುಟ್ಟಿದುದಲ್ಲ. ಅರ್ಧ ಶತಮಾನಕ್ಕೆ ಮೊದಲೇ ಅದನ್ನು ಅನುಭವಿಸಿ, ಅದನ್ನೇ ಕಲೆಯ ವಸ್ತುವಾಗಿಸಿಕೊಂಡ ನ್ಯೂಯಾರ್ಕಿನ ಮೀರ್ಲೆ ಲೇಡರ್‌ಮನ್ ಯೂಕಲಿಸ್ ಎಂಬ ಮಹಿಳೆಯ ವಿಚಾರವನ್ನು ನಮ್ಮ ತಾಯಂದಿರು ತಿಳಿಯಬೇಕೆಂದು ನಾವು ಬಯಸುತ್ತೇವೆ.

ಇವರು ಜನಿಸಿದ್ದು 1939ರಲ್ಲಿ. ಗರ್ಭಿಣಿಯಾಗಿದ್ದಾಗ ಅಧ್ಯಾಪಕರೊಬ್ಬರು, ಇನ್ನು ನೀನು ಕಲಾವಿದೆಯಾಗಲಾರೆ ಎಂಬರ್ಥದ ಮಾತನ್ನಾಡಿದರಂತೆ. 1968ರಲ್ಲಿ ಮೊದಲ ಮಗು ಹುಟ್ಟಿತು. ವಾರದ ಅರ್ಧ ತಾಯಿಯಾಗಿ, ಅರ್ಧ ಕಲಾವಿದೆಯಾಗಿ ಬಾಳನ್ನು ಸೀಳಿಕೊಂಡು ಬಳಲಿದ ಆಕೆ 1969ರಲ್ಲಿ ಒಂದು ಘೋಷಣಾಪತ್ರವನ್ನು ಬರೆದರು. ತೊಳೆಯುವುದು, ಗುಡಿಸುವುದು, ಬೇಯಿಸುವುದು, ಮಗುವಿನ ಬಟ್ಟೆ ಬದಲಿಸುವುದು, ಇವನ್ನೆಲ್ಲ ಇನ್ನು ಮುಂದೆ ಕಲೆಯೆಂದೇ ಮಾಡಿ ತೋರಿಸುವೆನೆಂಬುದು ಅದರ ಸಾರ.

ಇದು ಹುಡುಗಾಟಿಕೆಯೆಂದು ಕೆಲವರಿಗೆ ತೋರೀತು. ನಮಗೆ ಹಾಗೆ ತೋರುವುದಿಲ್ಲ. 1973ರಲ್ಲಿ ಹಾರ್ಟ್‌ಫರ್ಡ್ ನಗರದ ವ್ಯಾಡ್ಸ್‌ವರ್ತ್ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನೂ ನೆಲವನ್ನೂ ಆಕೆ ಮಂಡಿಯೂರಿ ಗಂಟೆಗಟ್ಟಲೆ ತೊಳೆದರು. ಒರೆಸಲು ಹಿಡಿದದ್ದು ಕೂಸುಗಳಿಗೆ ಕಟ್ಟುವ ಲಂಗೋಟಿಯ ಬಟ್ಟೆ. ನಿತ್ಯವೂ ಯಾರೋ ತೊಳೆಯುತ್ತಿದ್ದ ನೆಲವೇ ಅದು, ನೋಡುವವರಿರಲಿಲ್ಲ, ಅಷ್ಟೆ. ಮಕ್ಕಳು ಹೊರಗೆ ಹೊರಡುವಾಗ ಚಳಿಯ ಉಡುಪನ್ನು ತೊಡಿಸುವ, ಮರಳಿದಾಗ ಕಳಚುವ ಕೆಲಸವನ್ನೂ ಸಾಲುಸಾಲು ಛಾಯಾಚಿತ್ರಗಳಲ್ಲಿ ಹಿಡಿದು, ಅವುಗಳೊಡನೆ ಧೂಳೊರೆಸುವ ಬಟ್ಟೆಯೊಂದನ್ನು ಸರಪಳಿಗೆ ಕಟ್ಟಿ ಇಳಿಬಿಟ್ಟರು. ಆ ಸರಪಳಿಯ ಅರ್ಥವನ್ನು ನಮ್ಮ ಗೃಹಿಣಿಯರಿಗೆ ವಿವರಿಸಬೇಕಾದುದಿಲ್ಲ.

1977ರಿಂದ ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಯಲ್ಲಿ ಸಂಬಳವಿಲ್ಲದ ಕಲಾವಿದೆಯಾಗಿ ನಿಂತರು. 1979–80ರಲ್ಲಿ ತಿಂಗಳುಗಟ್ಟಲೆ ಬಡಾವಣೆ ಬಡಾವಣೆ ತಿರುಗಿ, ಸುಮಾರು 8,500 ಪೌರಕಾರ್ಮಿಕರಲ್ಲಿ ಒಬ್ಬೊಬ್ಬರ ಕೈಯನ್ನೂ ಕುಲುಕಿ, ನಗರದ ಜೀವವನ್ನು ಉಳಿಸಿದ್ದಕ್ಕೆ ವಂದನೆ ಹೇಳಿದರು. ತಾಯಿಯ ಕೆಲಸ, ಕಸ ಎತ್ತುವವನ ಕೆಲಸ ಎರಡೂ ಎಂದಿಗೂ ಮುಗಿಯುವಂಥವಲ್ಲ. ಮಾಡದೆ ಬಿಟ್ಟ ದಿನವೇ ಜಗತ್ತಿಗೆ ಅವುಗಳ ನೆನಪು. ವಂದನೆಯಿಂದ ಕೂಲಿ ಹೆಚ್ಚದು ಎಂಬ ಆಕ್ಷೇಪವುಂಟು, ಅದು ನಿಜವೇ. ಆದರೆ ಕಣ್ಣಿಗೇ ಬೀಳದ ದುಡಿಮೆಗೆ ಕೂಲಿಯನ್ನು ಗೊತ್ತುಮಾಡುವವರಾರು?

ಮಹಾಮಾರಿ ಬಂದಾಗ ಕೈಕುಲುಕುವುದೇ ನಿಷಿದ್ಧವಾಯಿತು. ಎಂಬತ್ತರ ಆಸುಪಾಸಿನ ಆ ವೃದ್ಧೆ ಸುಮ್ಮನಿರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕ್ವೀನ್ಸ್ ವಸ್ತುಸಂಗ್ರಹಾಲಯದ ಗಾಜಿನ ಗೋಡೆಯ ಮೇಲೆ, ಟೈಮ್ಸ್ ಚೌಕದ ಫಲಕದಲ್ಲಿ, ಸುರಂಗ ರೈಲಿನ ಪರದೆಗಳಲ್ಲಿ ಆಕೆಯ ಮಾತು ಮೂಡಿತು: ಊರನ್ನು ನಡೆಸುತ್ತಿದ್ದ ಸೇವಾಕರ್ಮಿಗಳಿಗೆ, ಈ ಬಾರಿ ದೂರದಿಂದಲೇ, ಅದೇ ವಂದನೆ.