ಗದ್ದಲದ ನಡುವೆ ಗೆಳೆತನ: ಹ್ಯಾಮ್ ರೇಡಿಯೋ

‘ಸಿಕ್ಯೂ, ಸಿಕ್ಯೂ, ಸಿಕ್ಯೂ...’

ರೇಡಿಯೋದ ಗೊರಗೊರ ಸದ್ದಿನ ನಡುವೆ ಹೀಗೊಂದು ಕರೆ ಕೇಳಿಬಂದರೆ, ಎಲ್ಲೋ ಕುಳಿತ ಒಬ್ಬರು ‘ಯಾರಾದರೂ ಸರಿ, ಮಾತಿಗೆ ಬನ್ನಿ’ ಎನ್ನುತ್ತಿದ್ದಾರೆ ಎಂದು ತಿಳಿಯಬೇಕು. ಉತ್ತರ ಪಕ್ಕದ ಜಿಲ್ಲೆಯಿಂದ ಬರಬಹುದು, ಜಪಾನಿನಿಂದಲೂ ಬರಬಹುದು. ನಡುವೆ ಮೊಬೈಲ್ ಟವರ್ ಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ. ಇದೇ ಹವ್ಯಾಸಿ ರೇಡಿಯೋ. ಇದರಲ್ಲಿ ತೊಡಗಿದವರು ‘ಹ್ಯಾಮ್’ಗಳು. ಹಣ ಗಳಿಕೆಗೆ ಇದನ್ನು ಬಳಸುವಂತಿಲ್ಲ, ಹಾಡು ಬಿತ್ತರಿಸುವಂತಿಲ್ಲ. ಕಲಿಯಲು, ಪ್ರಯೋಗ ಮಾಡಲು, ಪರಸ್ಪರ ಮಾತಾಡಲು ಮಾತ್ರ ಈ ಅಲೆಗಳು ಮೀಸಲು.

ಸಂಕೇತಗಳ ಸೌಜನ್ಯ

ಹೊಸಬರನ್ನು ಮೊದಲು ಗಾಬರಿಗೊಳಿಸುವುದು ಹ್ಯಾಮ್‌ಗಳ ಪರಿಭಾಷೆ. ‘ಕ್ಯೂಟಿಎಚ್ ಶಿರಸಿ’ ಎಂದರೆ ನಾನಿರುವ ಊರು ಶಿರಸಿ. ಆ ಹೆಸರು ಆಚೆಯವರಿಗೆ ಕೇಳಿಸದಿದ್ದರೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ, ‘ಸಿಯೆರಾ, ಇಂಡಿಯಾ, ರೋಮಿಯೋ, ಸಿಯೆರಾ, ಇಂಡಿಯಾ’ ಎನ್ನುತ್ತಾರೆ. ಬೇರೆ ಕೇಂದ್ರಗಳ ಅಡಚಣೆ ‘ಕ್ಯೂಆರ್‌ಎಂ’, ಗುಡುಗು-ಸಿಡಿಲಿನ ಕರಕರ ‘ಕ್ಯೂಆರ್‌ಎನ್’. ಧ್ವನಿ ಏರಿಳಿದು ಮಸುಕಾದರೆ ‘ಕ್ಯೂಎಸ್‌ಬಿ’. ಬೇರೆ ಫ್ರೀಕ್ವೆನ್ಸಿಗೆ ಹೋಗೋಣವೆಂದರೆ ‘ಕ್ಯೂಎಸ್‌ವೈ’.

‘ನೀವು ಫೈವ್ ನೈನ್’ ಎಂದರೆ ಮಾತು ಸ್ಪಷ್ಟ, ಸಿಗ್ನಲ್ ಪ್ರಬಲ. ಸ್ಪಷ್ಟತೆಗೆ 5, ಬಲಕ್ಕೆ 9 ಗರಿಷ್ಠ ಅಂಕ. ದೂರದ ದೇಶದ ಸಂಪರ್ಕ ‘ಡಿಎಕ್ಸ್’, ಲೋಕಾಭಿರಾಮದ ಹರಟೆ ‘ರ‍್ಯಾಗ್‌ಚ್ಯೂ’, ರೇಡಿಯೋ ಇಟ್ಟ ಕೋಣೆ ‘ಶ್ಯಾಕ್’. ಮಾತು ಮುಗಿದಾಗ ‘73’, ಅಂದರೆ ಶುಭಾಶಯ. ಸಂಪರ್ಕ ಆದದ್ದಕ್ಕೆ ಪುರಾವೆಯಾಗಿ ಅಂಚೆಯಲ್ಲಿ ಬರುವ ಚಿತ್ರದ ಕಾರ್ಡು ‘ಕ್ಯೂಎಸ್‌ಎಲ್’. ತೀರಿಕೊಂಡ ಹ್ಯಾಮ್ ‘ಸೈಲೆಂಟ್ ಕೀ’ ಆದರೆಂದು ಗೌರವದಿಂದ ಹೇಳುತ್ತಾರೆ. ಕೀ ಎಂದರೆ ಮೋರ್ಸ್ ಸಂದೇಶ ಬಡಿಯುವ ಉಪಕರಣ.

ಹೊರಗಿನವರನ್ನು ದೂರವಿಡಲು ಹುಟ್ಟಿದ ಗುಟ್ಟಿನ ಭಾಷೆ ಇದಲ್ಲ. ಕನ್ನಡದವರಿಗೂ ರಷ್ಯಾದವರಿಗೂ ಒಂದೇ ಸಲಕ್ಕೆ ಅರ್ಥವಾಗಬೇಕು, ಗದ್ದಲದಲ್ಲೂ ತಪ್ಪಾಗಬಾರದು. ಕೇಳುವವರ ಕಷ್ಟ ಅರಿತು ಮಾತಾಡುವ ಸೌಜನ್ಯವೇ ಇಲ್ಲಿ ಸಂಕೇತಗಳಾಗಿದೆ.

ತಂತಿಯೂ ಸೂರ್ಯನೂ

40 ಮೀಟರ್ ಬ್ಯಾಂಡಿನ ‘ಡೈಪೋಲ್’ ಆಂಟೆನಾವನ್ನು ಮನೆಯಲ್ಲೇ ಕಟ್ಟಬಹುದು. ಬೇಕಾದದ್ದು ಸುಮಾರು 20 ಮೀಟರ್ ತಾಮ್ರದ ತಂತಿ. ನಟ್ಟನಡುವೆ ಕತ್ತರಿಸಿ, ಅಲ್ಲಿ ಕೋಆಕ್ಸಿಯಲ್ ಕೇಬಲ್ ಬೆಸೆದು, ತುದಿಗಳಿಗೆ ಇನ್ಸುಲೇಟರ್ ಹಾಕಿ, ನೈಲಾನ್ ಹಗ್ಗದಿಂದ ಎರಡು ತೆಂಗಿನ ಮರಗಳ ನಡುವೆ ಬಿಗಿಯಬೇಕು. ತಂತಿಯನ್ನು ಮೊದಲು ತುಸು ಉದ್ದವೇ ಬಿಟ್ಟಿರುತ್ತಾರೆ. ಎಸ್‌ಡಬ್ಲ್ಯುಆರ್ ಮೀಟರ್ ನೋಡುತ್ತಾ ಎರಡೂ ತುದಿಗಳನ್ನು ಸಮನಾಗಿ, ಅಷ್ಟಷ್ಟೇ ಕತ್ತರಿಸುತ್ತಾರೆ. ಮುಳ್ಳು 1ರ ಹತ್ತಿರ ಬಂದರೆ, ಕೇಬಲ್‌ನಲ್ಲಿ ಸಾಗಿದ ಶಕ್ತಿ ಹಿಂದಿರುಗದೆ ಆಂಟೆನಾ ಸೇರುತ್ತಿದೆ ಎಂದರ್ಥ.

ಮುಂದಿನದು ನಿಸರ್ಗದ ಕೆಲಸ. ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಪಡೆದ ಮೇಲಿನ ವಾತಾವರಣ, ಅಂದರೆ ಅಯಾನುಗೋಳ, ಅಲೆಗಳನ್ನು ಬಾಗಿಸಿ ಭೂಮಿಗೆ ಮರಳಿಸುತ್ತದೆ. ಈ ಬ್ಯಾಂಡಿನಲ್ಲಿ ಹಗಲು ಕೆಲವು ನೂರು ಕಿ.ಮೀ. ಆಚೆಯವರು ಸಿಕ್ಕರೆ, ಕತ್ತಲಾದ ಮೇಲೆ ಖಂಡಾಂತರದವರೂ ಸಿಗುತ್ತಾರೆ. ಸುಮಾರು 11 ವರ್ಷಕ್ಕೊಮ್ಮೆ ಸೌರಕಲೆಗಳು ಹೆಚ್ಚಿದಾಗ ದೂರದ ಸಂಪರ್ಕಗಳಿಗೆ ಸುಗ್ಗಿ.

ಆಪತ್ತಿಗೆ ಆದವರು

2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳೊಂದಿಗೆ ಮಾತಾಡುವುದಷ್ಟೇ ಅವರ ಉದ್ದೇಶ. 26ರಂದು ಸುನಾಮಿ ಅಪ್ಪಳಿಸಿ ಫೋನುಗಳು ಸತ್ತಾಗ, ಆ ಹವ್ಯಾಸದ ಕೇಂದ್ರವೇ ತುರ್ತು ಕೇಂದ್ರವಾಯಿತು. ದ್ವೀಪದಲ್ಲಿದ್ದವರ ಕ್ಷೇಮಸಮಾಚಾರ ಅದರ ಮೂಲಕ ಭಾರತದ ಮುಖ್ಯ ಭೂಭಾಗ ಮುಟ್ಟಿತು. ಬ್ಯಾಟರಿ, ತಂತಿ, ನುರಿತ ಕಿವಿ ಇದ್ದರೆ ಎಲ್ಲಿಂದಲಾದರೂ ಸುದ್ದಿ ಮುಟ್ಟಿಸಬಹುದು. ಆದರೆ ಕಿವಿ ನುರಿಯುವುದು ದಿನನಿತ್ಯದ ಹರಟೆಯಲ್ಲಿ. ಹಾಗಾಗಿ ಆ ಹರಟೆಯನ್ನು ಕಾಲಹರಣವೆಂದು ತಳ್ಳಿಹಾಕುವಂತಿಲ್ಲ.

ಬೆಂಗಳೂರಿಗೂ ಈ ಹವ್ಯಾಸಕ್ಕೂ ಹಳೆಯ ನಂಟು. ಇಲ್ಲಿನ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ದಶಕಗಳಷ್ಟು ಹಳೆಯದು. ಹ್ಯಾಮ್‌ಗಳಿಗೆಂದೇ ಇಸ್ರೋ ರೂಪಿಸಿದ ‘ಹ್ಯಾಮ್‌ಸ್ಯಾಟ್’ ಉಪಗ್ರಹ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್‌ನಲ್ಲಿ ಶ್ರೀಹರಿಕೋಟಾದಿಂದ ಹಾರಿ, 2014ರವರೆಗೆ ಸೇವೆ ಸಲ್ಲಿಸಿತು.

ಸೇರುವುದು ಹೇಗೆ?

12 ವರ್ಷ ದಾಟಿದವರು ಕೇಂದ್ರ ಸಂವಹನ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆ ಬರೆಯಬಹುದು. ರೇಡಿಯೋದ ಮೂಲತತ್ತ್ವ ಮತ್ತು ನಿಯಮಗಳೇ ಪಠ್ಯ. ‘ರಿಸ್ಟ್ರಿಕ್ಟೆಡ್’ ದರ್ಜೆಗೆ ಮೋರ್ಸ್ ಬೇಕಿಲ್ಲ. ‘ಜನರಲ್’ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗ ಬೇಕು. ಪರವಾನಗಿ ಬಂದಾಗ ನಿಮ್ಮದೇ ಕಾಲ್‌ಸೈನ್ ಸಿಗುತ್ತದೆ. ಭಾರತದಲ್ಲಿ ಅದು ಹೆಚ್ಚಾಗಿ ‘ವಿಯು2’ ಅಥವಾ ‘ವಿಯು3’ ಎಂದು ಶುರುವಾಗುತ್ತದೆ.

ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಆದ್ದರಿಂದ ಸೆಟ್ ಕೊಳ್ಳುವ ಮೊದಲು ಹತ್ತಿರದ ಕ್ಲಬ್‌ಗೆ ಹೋಗಿ, ಅನುಭವಿಗಳ ಪಕ್ಕ ಕೂತು ಕಿವಿಗೊಡಿ. ಮಕ್ಕಳನ್ನೂ ಕರೆದೊಯ್ಯಿರಿ. ಭೌತಶಾಸ್ತ್ರ, ಭೂಗೋಳ ಮತ್ತು ಅಪರಿಚಿತರೊಂದಿಗೆ ಮರ್ಯಾದೆಯಿಂದ ಮಾತಾಡುವ ರೀತಿ, ಮೂರನ್ನೂ ಅವರು ಒಂದೇ ಮೇಜಿನ ಮುಂದೆ ಕಲಿಯುತ್ತಾರೆ.